ಎರಡನೇ ಸೈರನ್

ಭದ್ರಾವತಿಯ ಜನ್ನಾಪುರದ ಸಮುದಾಯ ಭವನದ ಬಾಡಿಗೆ ನಾನೂರು ರೂಪಾಯಿ. ಮೈಕ್ ಸೆಟ್ಟಿನವನು ಮುನ್ನೂರಕ್ಕಿಂತ ಒಂದು ಪೈಸೆಯೂ ಕಡಿಮೆ ಮಾಡಲಿಲ್ಲ. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವ ಹಮೀದ್ ಸಾಬರು ಮಾತ್ರ ಊಟ ಹಾಕಿದರೆ ಸಾಕು ಎಂದರು. ಸವಳಂಗ ರಸ್ತೆಯ ಗುಜರಿ ಅಂಗಡಿಯ ಸೊಹೇಲ್ ತಂದ ಕೈಯಲ್ಲಿ ತಿರುಗಿಸುವ ಸೈರನ್ನಿಗೆ ಬಾಡಿಗೆಯಿರಲಿಲ್ಲ. ಆದರೆ ಅದು ಶಿವಮೊಗ್ಗದಿಂದ ಭದ್ರಾವತಿಯವರೆಗೆ ಬಸ್ಸಿನಲ್ಲಿ ಸೀಟು ಹಿಡಿದು ಕೂತಿದ್ದರಿಂದ ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿದ. ಇಷ್ಟು ದುಡ್ಡಿಗೆ ಕೇರಿಗೆಲ್ಲ ಕೇಸರಿಬಾತು ಹಾಕಿಸಬಹುದಿತ್ತು ಎಂಬುದು ಇಡ್ಲಿ ಅಂಗಡಿ ಬಂಗಾರಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕೊಟ್ಟಳು.

ತೊಂಬತ್ತೇಳರ ಡಿಸೆಂಬರಿನಲ್ಲಿ ಫೌಂಡ್ರಿಯ ಪಾಳಿ ಮುಗಿಸಿ ಬರುತ್ತಿದ್ದ ಟೆಂಪೋ ಮಂಜಿನಲ್ಲಿ ದಾರಿ ಕಾಣದೆ ನಾಲೆಗೆ ಬಿದ್ದು ಐದು ಜನ ಹೋಗಿದ್ದರು. ಅವಳ ಗಂಡ ಶೇಷಪ್ಪ ಅವರಲ್ಲೊಬ್ಬ. ಪೇಪರಿನಲ್ಲಿ ‘ಐವರು ಕಾರ್ಮಿಕರ ದುರ್ಮರಣ’ ಎಂದು ಬಂತು, ಹೆಸರು ಬರಲಿಲ್ಲ. ಸಂತಾಪ ಸಭೆಯಲ್ಲಿ ಭಾಷಣ ಮಾಡಿದವರು ತಮ್ಮ ತಮ್ಮ ಹೆಸರು ಹೇಳಿಕೊಂಡು ಇಳಿದರು. ಗಂಡನ ಹೆಸರನ್ನು ಅವನ ಜೊತೆ ದುಡಿದವರೆಲ್ಲ ಕೂತ ಸಭೆಯಲ್ಲಿ ಒಂದು ಸಲ ಗಟ್ಟಿಯಾಗಿ ಕೇಳಬೇಕು, ಇದೊಂದು ಆಸೆ ಅವಳಿಗೆ. ತಾನೇ ಹೇಳೋಣವೆಂದರೆ ಗಂಡನ ಹೆಸರು ಬಾಯಲ್ಲಿ ತೆಗೆದು ಅಭ್ಯಾಸವಿಲ್ಲ.

ಪಿಟೀಲು ಪಾಠ ಹೇಳಲೆಂದು ಶಿವಮೊಗ್ಗದ ಕೋಟೆ ಬಡಾವಣೆಯಿಂದ ವಾರವಾರ ಬಂದು ಅವಳ ಅಂಗಡಿಯಲ್ಲಿ ಇಡ್ಲಿ ತಿನ್ನುತ್ತಿದ್ದ ಪರಮೇಶ್ ಮೇಷ್ಟ್ರಿಗೆ ಇದನ್ನು ಹೇಳಿದಳು. ಮೇಷ್ಟ್ರು ಕೈ ತೊಳೆಯುವುದನ್ನೂ ಮರೆತರು.

“ಹೊರದೇಶದಲ್ಲಿ ಯುದ್ಧದಲ್ಲಿ ಸತ್ತೋರಿಗೆ, ಭೂಕಂಪದಲ್ಲಿ ಸತ್ತೋರಿಗೆ ಅಂತಾನೇ ಹೊಸ ಸಂಗೀತ ಕಟ್ತಾರೆ ಬಂಗಾರಕ್ಕ. ಕ್ಯಾಸೆಟ್ಟಲ್ಲಿ ಕೇಳಿದೀನಿ. ನಾನೂ ಕಟ್ತೀನಿ. ಕೊನೇಲಿ ಐದೂ ಹೆಸರು ಹಾಡಿಸ್ತೀನಿ.”

“ಮೊದ್ಲೇ ಹಾಡ್ಸಿಬಿಡಿ ಮೇಷ್ಟ್ರೇ. ಕೊನೆ ತನಕ ಯಾರು ಕೂರ್ತಾರೆ?”

“ಛೆ, ಕೃತಿ ಕೆಟ್ಟುಹೋಗುತ್ತೆ.”

ವರ್ಷ ತುಂಬಿದ ಮೇಲಿನ ಭಾನುವಾರ ಮಧ್ಯಾಹ್ನ ಭವನ ತುಂಬಿತು. ಫೌಂಡ್ರಿಯವರು ಹೆಂಡತಿ ಮಕ್ಕಳ ಸಮೇತ ಬಂದಿದ್ದರು. ಮೊದಲ ಭಾಗದ ಹೆಸರು ‘ಮಂಜು’. ಪಿಟೀಲುಗಳು ಒಂದು ಕಡೆ ಕುಯ್ಯೆಂದವು, ಹಮೀದ್ ಸಾಬರು ಬೇರೆ ಕಡೆಯಿಂದ ಪೀ ಎಂದರು, ಎರಡೂ ಎಲ್ಲಿಯೂ ಸೇರಲಿಲ್ಲ.

“ಶ್ರುತಿ ಮಾಡ್ಕೊಳ್ಳಕ್ಕೇ ಇಷ್ಟು ಹೊತ್ತಾದ್ರೆ ಕಚೇರಿ ಯಾವಾಗ ಮಾರಾಯ?” ಎಂದ ಲೇತ್ ಭೂತಪ್ಪ. ಶೇಷಪ್ಪನ ಜೀವದ ಗೆಳೆಯ ಅವನು.

“ಇದೇ ಕಚೇರಿ. ಸುಮ್ನಿರು,” ಎಂದಳು ಹಿಂದೆ ಕೂತಿದ್ದ ಬಂಗಾರಮ್ಮ.

“ಇದಾ? ಎಣ್ಣೆ ಬಿಡದಿದ್ರೆ ನನ್ನ ಮಿಷನ್ನೂ ಹಿಂಗೇ ಹಾಡ್ತದಲ್ಲ!”

ಎರಡನೆಯ ಭಾಗ ಪಾಳಿ ಮುಗಿಯುವ ಸೈರನ್ನಿನಿಂದ ಶುರು. ಮೇಷ್ಟ್ರು ಕಮಾನು ಎತ್ತಿದರು, ಸೊಹೇಲ್ ಹಿಡಿಕೆ ತಿರುಗಿಸಿದ, ಸೈರನ್ ಸಣ್ಣಗೆ ನರಳಿ ಆಮೇಲೆ ಭವನದ ಹೆಂಚು ಅದುರುವ ಹಾಗೆ ಕೂಗಿತು.

ಸಭೆ ಎದ್ದು ನಿಂತಿತು. ಎದುರಿನ ಸಾಲಿನವರು ಟವೆಲ್ ಕೊಡವಿ ಹೆಗಲಿಗೆ ಹಾಕಿದರು. ಹೆಂಗಸರು ಮಕ್ಕಳನ್ನು ಸೊಂಟಕ್ಕೇರಿಸಿದರು. ಮೊದಲನೇ ಸೈರನ್ ಕೇಳಿದರೆ ಹೊರಡಬೇಕು, ಅಷ್ಟೆ. ಇಪ್ಪತ್ತು ವರ್ಷದಿಂದ ಕಾಲುಗಳು ತಲೆಯನ್ನು ಕೇಳದೆ ಮಾಡುತ್ತಿದ್ದ ಕೆಲಸ ಅದು. ಜನ ಏಳುವುದನ್ನು ನೋಡಿ ಮುಗಿಯಿತೆಂದುಕೊಂಡು ಸೊಹೇಲನೂ ಟೀ ಕುಡಿಯಲು ಹೊರಟ.

ಬಂಗಾರಮ್ಮನೂ ಎದ್ದಿದ್ದಳು. ಅನ್ನಕ್ಕಿಡಬೇಕು ಎಂದು ಬಿರಬಿರನೆ ಗೇಟಿನವರೆಗೆ ಬಂದಳು. ಪಾಳಿ ಮುಗಿಸಿ ಉಣ್ಣಲು ಬರುವವನೇ ಇಲ್ಲ ಎಂಬುದು ಅಲ್ಲಿ ನೆನಪಾಯಿತು.

“ಏಯ್, ನಿಂತ್ಕೊಳ್ರೋ! ಇವತ್ತು ಭಾನುವಾರ! ಇನ್ನೂ ಹೆಸರು ಹಾಡಿಲ್ಲ!”

ಯಾರೂ ತಿರುಗಲಿಲ್ಲ. ಜನರೆಲ್ಲ ಆಗಲೇ ರಸ್ತೆಯ ತಿರುವಿನ ಟೀ ಅಂಗಡಿ ಮುಟ್ಟಿದ್ದರು.

ಒಳಗೆ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಖಾಲಿ ಕುರ್ಚಿಗಳಿಗೆ ಇಡೀ ಎರಡನೆಯ ಭಾಗ ಬಾರಿಸಿದರು. ಕೊನೆಯಲ್ಲಿ ಇನ್ನೊಂದು ಸೈರನ್ನಿಗೆ ಕಮಾನು ಎತ್ತಿ ಕಾದರು. ಸೈರನ್ ಬರಲಿಲ್ಲ. ಹೆಸರು ಹಾಡಬೇಕಾದ ಶಿಷ್ಯೆ ಇಂಪನಾ ಪಿಸುಗುಟ್ಟಿದಳು, “ಸಾರ್, ಯಾರೂ ಇಲ್ಲ. ಹಾಡ್ಲಾ?”

“ಹಾಡ್ಬೇಡ ಕಣೇ!” ಬಾಗಿಲಿನಿಂದ ಬಂಗಾರಮ್ಮ ಕಿರುಚಿದಳು. “ಬಾಯಿ ತೆಗೆದ್ರೆ ನೋಡು!”

ಮೇಷ್ಟ್ರ ಎತ್ತಿದ ಕೈ ನೋಡಿ ಅವಳಿಗೆ ದಾರಿ ಹೊಳೆಯಿತು. ಎರಡನೇ ಸೈರನ್ ಎಂದರೆ ಮುಂದಿನ ಪಾಳಿಯವರು ಗೇಟಿನ ಒಳಗಿರಬೇಕು. ಇಲ್ಲದಿದ್ದರೆ ಅರ್ಧ ದಿನದ ಸಂಬಳ ಹೋಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಡಿಕೆ ಹಿಡಿದಳು. ಇಡ್ಲಿ ಹಿಟ್ಟು ರುಬ್ಬಿ ಪಳಗಿದ ತೋಳು. ಅಂಥ ಕೂಗನ್ನು ಆ ಸೈರನ್ ತನ್ನ ಜನ್ಮದಲ್ಲಿ ಕೂಗಿರಲಿಲ್ಲ. ಹಮೀದ್ ಸಾಬರು ಕ್ಲಾರಿನೆಟ್ ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡರು.

ಟೀ ಅಂಗಡಿಯಲ್ಲಿ ಲೋಟಗಳು ಕುಕ್ಕಿದ ಸದ್ದು ಕೇಳಿತು. ಮರುಕ್ಷಣ ಇಡೀ ಗುಂಪು ಓಡಿಬಂತು. ಫೌಂಡ್ರಿ ದೂರ, ಹತ್ತಿರವಿದ್ದ ಗೇಟು ಭವನದ್ದು, ಅದಕ್ಕೇ ನುಗ್ಗಿದರು. ಬೆಂಕಿ ಬಿತ್ತೆಂದು ಪಕ್ಕದ ಬೀದಿಯವರು ಬಕೆಟ್ ಹಿಡಿದು ಬಂದರು. ಎಲ್ಲ ಒಳಗಾದ ಮೇಲೆ ಬಂಗಾರಮ್ಮ ಭವನದ ಬಾಗಿಲಿಗೆ ಚಿಲಕ ಹಾಕಿ ಅದಕ್ಕೇ ಬೆನ್ನು ಕೊಟ್ಟು ನಿಂತಳು.

“ಅಯ್ಯಯ್ಯೋ, ಇವತ್ತು ಭಾನುವಾರ ಅಲ್ವೇನೇ ಮಾರಾಯ್ತಿ!” ಎಂದ ಭೂತಪ್ಪ, ಏದುಸಿರು ಬಿಡುತ್ತ.

“ಹೌದು. ಕೂತ್ಕೋ.”

ಇಂಪನಾ ಶುರುಮಾಡಿದಳು. ಮೊದಲ ಹೆಸರು ನೀಳವಾಗಿ ಬಂದು ಹೋಯಿತು. ಆಮೇಲೆ, ಇನ್ನೂ ನೀಳವಾಗಿ, “ಶೇಷಪ್ಪಾ...”

“ಹಾಜರ್!”

ಕೂಗಿದವನು ಭೂತಪ್ಪ. ಫೌಂಡ್ರಿಯಲ್ಲಿ ಎರಡನೇ ಸೈರನ್ ಆದ ಕೂಡಲೇ ಹಾಜರಿ ಕೂಗುತ್ತಿದ್ದರು. ಶೇಷಪ್ಪ ಸರಿಯಾದ ಹೊತ್ತಿಗೆ ಬಂದವನೇ ಅಲ್ಲ, ಅವನ ಪಾಲಿನದನ್ನು ಯಾವಾಗಲೂ ಭೂತಪ್ಪನೇ ಕೂಗುತ್ತಿದ್ದ. ಈಗ ನಾಲಿಗೆ ಕಚ್ಚಿಕೊಂಡ. ಸಭೆ ಘೊಳ್ಳೆಂದು ನಕ್ಕಿತು, ನಕ್ಕು ತಣ್ಣಗಾಯಿತು. ಮೂರನೆಯ ಹೆಸರಿಗೆ ಇಡೀ ಭವನವೇ “ಹಾಜರ್” ಎಂದಿತು. ನಾಲ್ಕಕ್ಕೂ, ಐದಕ್ಕೂ.

“ಒಂದೊಂದು ಹೆಸರಾದ ಮೇಲೂ ಮೌನ ಇದೆ ಕಣ್ರೀ! ಮೌನ!” ಎಂದು ಮೇಷ್ಟ್ರು ಕೈಮುಗಿದರು.

“ಮೇಷ್ಟ್ರೇ, ಮೊದ್ಲನೇದು ಇನ್ನೊಂದ್ಸಲ ಹಾಡ್ಸಿ,” ಹಿಂದಿನ ಸಾಲಿನಿಂದ ಯಾರೋ ಕೂಗಿದರು. “ಪಾಪ, ಅವನಿಗೆ ಹಾಜರಿ ಬಿದ್ದಿಲ್ಲ!”

ಹಾಡಿಸಿದರು.

ಪರಮೇಶ್ ಮೇಷ್ಟ್ರು ಆರು ತಿಂಗಳು ಕೂತು ಕಟ್ಟಿದ ಮೌನ ಹಾಳಾಯಿತು, ಆ ಕೃತಿಯನ್ನು ಅವರು ಮತ್ತೆಲ್ಲೂ ನುಡಿಸಲಿಲ್ಲ. ಬಂಗಾರಮ್ಮನ ತೋಳು ಊದಿ ಇಡ್ಲಿ ಅಂಗಡಿ ಒಂದು ವಾರ ಮುಚ್ಚಿತು. ಅವಳ ಗಂಡನ ಹೆಸರನ್ನು ತುಂಬಿದ ಸಭೆ ಕೇಳಿತು, ಅವಳೂ ಕೇಳಿದಳು.