ಹುಲ್ಲಿನ ಪೆಟ್ಟಿಗೆಯ ಬಿಸಿ

ಕುರಿಮಾಂಸ, ಎಲೆಕೋಸು ಚೆನ್ನಾಗಿ ಕುದಿ ಬಂದಮೇಲೆ ಇಂಗ್ಯರ್ಡ್ ಪಾತ್ರೆಯನ್ನು ಒಲೆಯಿಂದಿಳಿಸಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹುದುಗಿಸಿ, ಮೇಲೆ ದಿಂಬು ಒತ್ತಿದಳು. ಮರವೇ ಬೆಳೆಯದ ದ್ವೀಪ. ದಿನವಿಡೀ ಸೌದೆ ಉರಿಸುವ ಮನೆ ಅಲ್ಲಿರಲಿಲ್ಲ. ಅಡುಗೆ ತನ್ನ ಬಿಸಿಯಲ್ಲೇ ತಾನು ಬೇಯಬೇಕು.

ಮಧ್ಯಾಹ್ನ ಓಡ್‌ವಾರ್‌ನ ದೋಣಿ ಬರುವುದಿತ್ತು. ಸಿಹಿನೀರು ತುಂಬಿಸಿಕೊಂಡು ಮೀನುಗಾರಿಕೆಗೆ ಹೊರಟರೆ ಮತ್ತೆ ಬರುವುದು ಈಸ್ಟರ್ ಕಳೆದ ಮೇಲೆಯೇ. 'ನನಗಾಗಿ ಕಾಯ್ತೀಯಾ?' ಎಂದು ಅವನು ಹಿಂದಿನ ಸಲ ಕೇಳಿದಾಗ ಅವಳ ಬಾಯಿಂದ ಮಾತೇ ಹೊರಟಿರಲಿಲ್ಲ. ಈ ಬಿಸಿ ಊಟವೇ ಉತ್ತರವಾಗಲಿ ಎಂದುಕೊಂಡಿದ್ದಳು.

ಮಧ್ಯಾಹ್ನವಾಯಿತು. ದೋಣಿಯಿಲ್ಲ. ಬಿಸಿಯಿದೆಯೋ ಎಂದು ಮುಚ್ಚಳ ತೆಗೆದಳು. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದಳು.

"ಏ ಹುಡುಗಿ, ಅದೇನು ತೊಟ್ಟಿಲ ಕೂಸೇನೇ, ಗಳಿಗೆಗೊಂದ್ಸಲ ಇಣುಕೋಕೆ?" ಹೆಣಿಗೆ ಹಾಕುತ್ತಿದ್ದ ಸೋದರತ್ತೆ ಬೋರ್ಗಿಲ್ಡ್ ಗದರಿದಳು. "ಹುಲ್ಲು ಬಿಸಿ ಹುಟ್ಟಿಸಲ್ಲ ಕಣೇ. ಇದ್ದದ್ದನ್ನ ಕಾಯುತ್ತೆ, ಅಷ್ಟೇ. ನೀನು ತೆಗೆದಾಗೆಲ್ಲ ಒಂದಿಷ್ಟು ಹೋಯ್ತು ಅನ್ಕೋ."

"ಇನ್ನು ಮುಟ್ಟಲ್ಲ ಅತ್ತೆ."

ಅತ್ತೆ ನೀರಿಗೆ ಹೋದಾಗ ಮತ್ತೆರಡು ಸಲ ಮುಟ್ಟಿದಳು.

ಬೆಳಕು ನೀಲಿಗೆ ತಿರುಗಿದ ಮೇಲೆ ದೋಣಿ ಬಂತು. ಇಂಗ್ಯರ್ಡ್ ಪಾತ್ರೆಯನ್ನು ಶಾಲಿನಲ್ಲಿ ಸುತ್ತಿ ದೋಣಿಕಟ್ಟೆಗೆ ಓಡಿದಳು. ದಾರಿಯಲ್ಲೇ ಅಂಗೈಗೆ ತಿಳಿಯಿತು: ಬರೀ ಉಗುರುಬೆಚ್ಚಗಿದೆ.

"ಆರಿಹೋಗಿದೆ," ಎಂದಳು ತಲೆಯೆತ್ತದೆ. "ನಾನೇ ಮತ್ತೆ ಮತ್ತೆ ತೆಗೆದು ನೋಡಿದೆ."

ಓಡ್‌ವಾರ್ ತೊಯ್ದ ಕೈಗವಸು ಕಿತ್ತು, ಕೆಂಪೇರಿದ ಎರಡೂ ಕೈಗಳಿಂದ ಪಾತ್ರೆಯನ್ನು ತಬ್ಬಿ ಹಿಡಿದವನೇ ಹಾ ಎಂದ.

"ಆರಿದೆಯಾ? ಸುಡ್ತಾ ಇದೆಯಲ್ಲೇ! ಬೆಳಗಿಂದ ಹಿಮಗಟ್ಟಿದ ಹಗ್ಗ ಎಳೆದ ಕೈಯನ್ನ ಕೇಳು." ಆಮೇಲೆ ಮೆಲ್ಲಗೆ, "ಎಷ್ಟು ಸಲ ತೆಗೆದೆ?"

"ನಾಲ್ಕು."

ಅವನು ನಕ್ಕ. ಬೇರೇನೂ ಕೇಳಲಿಲ್ಲ. ನಿಂತೇ ಉಂಡ, ಅಷ್ಟರಲ್ಲಿ ದೋಣಿಯವರು ಕೂಗಿದರು.

ಮನೆಗೆ ಬಂದ ಇಂಗ್ಯರ್ಡ್ ಬರಿದಾದ ಪಾತ್ರೆಯನ್ನು ಹುಲ್ಲಿನಲ್ಲಿಟ್ಟು ದಿಂಬು ಒತ್ತಿದಳು.

"ಖಾಲಿ ಪಾತ್ರೆಯಲ್ಲಿ ಏನು ಬೇಯಿಸ್ತೀಯೇ?" ಎಂದಳು ಅತ್ತೆ.

ಈಸ್ಟರ್‌ಗೆ ಇನ್ನೂ ಹನ್ನೊಂದು ವಾರ. ಆ ಸಂಜೆ ಇಂಗ್ಯರ್ಡ್ ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದರೂ ಒಂದು ಸಲವೂ ಮುಚ್ಚಳ ಮುಟ್ಟಲಿಲ್ಲ.