ಮಲಕವ್ವನ ಕಲ್ಲಿನ ವೇಗ

ರೇಡಿಯೋ ರಿಪೇರಿ ಮಾಡುವವನಿಗೆ ಕೈ ಇದ್ದರೆ ಸಾಕು, ಬಾಯಿ ಬೇಡ ಎಂದು ನನ್ನ ಹೆಂಡತಿ ರಾಜಮತಿ ಹೇಳುತ್ತಿರುತ್ತಾಳೆ. ನನಗೆ ಎರಡೂ ಇವೆ, ಬಾಯಿ ಸ್ವಲ್ಪ ಹೆಚ್ಚೇ. ತೊಂಬತ್ತೊಂದರ ಚಳಿಗಾಲದಲ್ಲಿ ಕಾಗವಾಡದ ನನ್ನ ಅಂಗಡಿಗೆ ಕುರಿಗಾರ ಸತ್ಯಪ್ಪ ಕಾಕಾ ಮತ್ತು ಅವನ ಹೆಂಡತಿ ಮಲಕವ್ವ ಜಗಳಾಡುತ್ತಲೇ ಬಂದರು. ಕೆಟ್ಟ ರೇಡಿಯೋ ಇಟ್ಟು ಹೋಗಲಿ ಎಂದು ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ.

ಅವರ ಹೊಲದಲ್ಲಿ ಜೋಳ ಹಾಲುಗಾಳಾಗಿತ್ತು. ಗಿಳಿಗಳು ಹಿಂಡುಗಟ್ಟಿ ಇಳಿಯುತ್ತಿದ್ದವು. ಹೊಲದ ನಡುವಿನ ಅಟ್ಟದ ಮೇಲೆ ನಿಂತು, ಕವಣೆ ಬೀಸಿ ಹಕ್ಕಿ ಓಡಿಸುವುದು ಮದುವೆಯಾದಾಗಿನಿಂದ ಮಲಕವ್ವನ ಕೆಲಸ. ಹೋದ ವರ್ಷ ಅದೇ ಅಟ್ಟದಿಂದ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಎಲುಬು ಕೂಡಿತ್ತು, ಆದರೂ ಈ ಸಲ ಕಾಕಾ ಅವಳನ್ನು ಅಟ್ಟ ಹತ್ತಗೊಡುತ್ತಿರಲಿಲ್ಲ.

“ನಿನ್ನ ಕೈಯಾಗ ಕಸುವ ಉಳದಿಲ್ಲ ಬೇ. ನನ್ನ ಕಲ್ಲ ಬಂದೂಕಿನ ಗುಂಡ ಹೋದಂಗ ಹೋಗತೈತಿ,” ಎಂದ ಕಾಕಾ.

“ನಿಮ್ಮ ಕಲ್ಲ ಗಿಳಿಗೆ ಶರಣ ಹೇಳಿ ಹೋಗತೈತಿ,” ಎಂದಳು ಮಲಕವ್ವ.

“ಜಗಳ ಯಾಕ್ರಿ? ಯಾರ ಕಲ್ಲ ಜೋರ ಹೋಗತೈತಿ ಅಂತ ನಾ ಅಳದ ತೋರಸ್ತೀನಿ. ಮಷೀನ್ ಮಾಡ್ತೀನಿ,” ಎಂದೆ.

ಮಲಕವ್ವ ನನ್ನನ್ನೇ ನೋಡಿದಳು. “ಖರೇನ ಅಳೀತೀ ಏನ ತಮ್ಮಾ? ಮಂದಿ ಎಲ್ಲಾ ನನ್ನ ಮಾರಿ ನೋಡಿ, ಕೈ ಛಲೋ ಆಗೇತಿ ಅಂತಾರ. ಮಷೀನಿಗೆ ನನ್ನ ಮಾರಿ ಕಾಣೂದಿಲ್ಲ. ಅದರಾಗ ಕಡಿಮಿ ಬಂದ್ರ ಅಟ್ಟ ಇವರದು. ನಾ ಮನ್ಯಾಗ ಕುಂದರ್ತೀನಿ.”

ಕಾಕಾ ಒಪ್ಪಿದ. ನಾನು ಬಾಯಿಗೆ ಬಂದದ್ದು ಹೇಳಿದ್ದೆ, ಅವಳು ಅದನ್ನು ನಂಬಿಬಿಟ್ಟಿದ್ದಳು.

ಕೆಟ್ಟ ಟೇಪ್ ರೆಕಾರ್ಡರುಗಳಿಂದ ಎರಡು ಮೈಕು ಕಿತ್ತೆ. ಕಲ್ಲು ಗುಂಯ್ ಎಂದು ಮೊದಲ ಮೈಕು ದಾಟಿದಾಗ ಎಣಿಕೆ ಶುರು, ಎರಡನೆಯದನ್ನು ದಾಟಿದಾಗ ಬಂದ್. ನಡುವಿನ ದೂರ ಗೊತ್ತಿದ್ದರೆ ವೇಗ ಸಿಕ್ಕಂತೆ. ಎಣಿಸುವುದಕ್ಕೆ ಕೆಂಪು ಅಂಕಿ ಹೊಳೆಯುವ ಒಂದು ಡಬ್ಬಿ ಕಟ್ಟಿದೆ. ಅದನ್ನು ಹೊತ್ತು ಹೊಲಕ್ಕೆ ಹೋದಾಗ ನನ್ನ ನಡಿಗೆಯೇ ಬೇರೆ ಇತ್ತು. ಸುಟ್ಟ ಎಳೆ ಜೋಳದ ಸೀತನಿ ತಿನ್ನುವ ನೆಪದಲ್ಲಿ ಅರ್ಧ ಓಣಿ ಹಿಂದೆ ಬಂದಿತ್ತು.

ಕಾಕಾ ಕವಣೆ ತಿರುವಿ ಬಿಟ್ಟ. ಕವಣೆಯ ತುದಿ ಛಟೀರ್ ಎಂದಿತು. ಡಬ್ಬಿ ನೋಡಿ ಲೆಕ್ಕ ಹಾಕಿದೆ. ಗಂಟೆಗೆ ಸಾವಿರದ ಇನ್ನೂರು ಕಿಲೋಮೀಟರಿಗೂ ಮೇಲೆ!

“ಇಮಾನಕ್ಕಿಂತ ಜೋರ!” ಎಂದು ಕಾಕಾ ತಲೆಯ ಪಟಗಾ ಮೇಲಕ್ಕೆ ಎಸೆದ.

ಮಲಕವ್ವ ಬೀಸಿದಳು. ಅದೇ ಅಂಕಿ. ಮತ್ತೊಮ್ಮೆ ಬೀಸಿದಳು. ಅದೇ. ರಾಜಮತಿ ಬಾಯಲ್ಲಿದ್ದ ಸೀತನಿ ನುಂಗಿ, ಅವರು ನಿಂತಿದ್ದ ಜಾಗಕ್ಕೇ ಹೋಗಿ ಒಂದು ಚಪ್ಪಾಳೆ ತಟ್ಟಿದಳು. ಅದೂ ಸಾವಿರದ ಇನ್ನೂರು.

“ನನ್ನ ಚಪ್ಪಾಳಿನೂ ಇಮಾನ ಆತ ನೋಡ್ರಿ,” ಎಂದಳು.

ಮಂದಿ ಬಿದ್ದು ಬಿದ್ದು ನಕ್ಕರು. ನನಗೆ ಆಗ ತಿಳಿಯಿತು. ಕವಣೆಯ ಸದ್ದು ಕಲ್ಲಿಗಿಂತ ಮುಂಚೆ ಓಡಿ ಎರಡೂ ಮೈಕುಗಳನ್ನು ಮುಟ್ಟುತ್ತಿತ್ತು. ನಾನು ಅಳೆದದ್ದು ಕಲ್ಲನ್ನಲ್ಲ, ಸದ್ದನ್ನು. ಸಿಟ್ಟಿಗೆ ಮೈಕು ಕಿತ್ತು ಎಸೆದೆ.

ಮಲಕವ್ವ ಅದನ್ನು ಹುಡುಕಿ ತಂದು ನನ್ನ ಕೈಗಿಟ್ಟಳು. “ಸಿಟ್ಟ ಮಾಡಬ್ಯಾಡ ತಮ್ಮಾ. ಆದ್ರ ಲಗೂ ಮಾಡು. ಜ್ವಾಳ ನನ್ನ ಸಲುವಾಗಿ ಕಾಯೂದಿಲ್ಲ.”

ಮಂದಿಯ ನಗು ನಾಟಲಿಲ್ಲ, ಇದು ನಾಟಿತು. ಮಿರಜಿಯ ಗುಜರಿಯಿಂದ ಹಳೆಯ ರೇಡಿಯೋಗಳೊಳಗಿನ, ಬೆರಳ ತುದಿಯಷ್ಟಿರುವ ಗಾಜಿನ ಟ್ರಾನ್ಸಿಸ್ಟರುಗಳನ್ನು ತಂದು, ಮೇಲಿನ ಕರಿ ಬಣ್ಣವನ್ನು ಬ್ಲೇಡಿನಿಂದ ಕೆರೆದೆ. ಬಣ್ಣ ಹೋದರೆ ಅವಕ್ಕೆ ಬೆಳಕು ತಿಳಿಯುತ್ತದೆ. ಅವನ್ನು ಎರಡು ಬಿದಿರಿನ ಚೌಕಟ್ಟಿನಲ್ಲಿ ಆಕಾಶ ನೋಡುವಂತೆ ಸಾಲಾಗಿ ಕೂರಿಸಿದೆ. ಕಲ್ಲು ದಾಟುವಾಗ ನೆರಳು ಬೀಳಬೇಕು, ಎಣಿಕೆ ಆಗಬೇಕು. ರಾಜಮತಿ ಅದರ ಮುಂದೆ ಕೈ ನೋಯುವ ತನಕ ಚಪ್ಪಾಳೆ ತಟ್ಟಿದಳು. ಡಬ್ಬಿಯ ಅಂಕಿ ಮಿಸುಕಲಿಲ್ಲ. ನಾನು ಅಡಿಗೆಮನೆಯಲ್ಲೇ ಕುಣಿದೆ.

ಮತ್ತೆ ಹೊಲ. ಕಾಕಾನ ಕಲ್ಲು ಎರಡೂ ಚೌಕಟ್ಟು ದಾಟಿತು. ಎಂಬತ್ತನಾಲ್ಕು ಕಿಲೋಮೀಟರು. ಇಮಾನದಿಂದ ಎಂಬತ್ತನಾಲ್ಕಕ್ಕೆ ಇಳಿದದ್ದು ಅವನಿಗೆ ಹಿಡಿಸಲಿಲ್ಲ.

ಮಲಕವ್ವ ಸೆರಗು ಸಿಕ್ಕಿಸಿದಳು. ಮೊದಲ ಕಲ್ಲು ಅಡ್ಡ ಹೋಯಿತು. ಅವಳು ಮೊಣಕೈ ತಿಕ್ಕಿಕೊಂಡಳು. ಇನ್ನೊಂದು ಕಲ್ಲಿಟ್ಟು ಬೀಸಿದಳು. ಅಂಕಿ ನೋಡಲು ನನಗೆ ಹೆದರಿಕೆಯಾಯಿತು. ಲೆಕ್ಕ ಹಾಕಿದೆ, ನಂಬಿಕೆಯಾಗದೆ ಮತ್ತೊಮ್ಮೆ ಹಾಕಿದೆ.

“ತೊಂಬತ್ತಾರ ಐತ್ರಿ ಕಾಕೂ!”

ಅವಳು ಕೂಗಲಿಲ್ಲ. ಬಲಗೈಯನ್ನು ಎಡಗೈಯಿಂದ ಸವರಿದಳು. “ಐತಿ. ಕಸುವ ಐತಿ,” ಎಂದು ತನ್ನ ಕೈಗೇ ಹೇಳಿ ಅತ್ತಳು, ನಕ್ಕಳು. ನನ್ನ ಕಣ್ಣೂ ತುಂಬಿದವು. ಇಷ್ಟು ಖುಷಿ ನನಗೆ ಯಾವ ರೇಡಿಯೋ ಹಾಡಿದಾಗಲೂ ಆಗಿರಲಿಲ್ಲ.

ಕಾಕಾ ತಲೆ ತಗ್ಗಿಸಿ ನಿಂತಿದ್ದ. “ನಿನ್ನ ಕಲ್ಲ ಜೋರ ಐತಿ ಅಂತ ನನಗ ಗೊತ್ತಿತ್ತ ಬೇ. ನೀ ಮತ್ತ ಬಿದ್ದಗಿದ್ದೀ ಅಂತ ಜೀವ ಹೆದರಿತ್ತ.”

“ಅದನ್ನ ಹೇಳೂದ ಬಿಟ್ಟ, ಕೈಯಾಗ ಕಸುವಿಲ್ಲ ಅಂತೀರೇನ?” ಮಲಕವ್ವ ಗದರಿದಳು.

ಅಷ್ಟರಲ್ಲಿ ಗಿಳಿಯ ಹಿಂಡು ಇಳಿಯಿತು. ಕಾಕಾ ಓಡಿಹೋಗಿ ಅಟ್ಟದ ಬುಡದಲ್ಲಿ ಕುಳಿತು ಹೆಗಲು ಕೊಟ್ಟ. ಮಲಕವ್ವ ಗಂಡನ ಹೆಗಲ ಮೇಲೆ ಕಾಲಿಟ್ಟು ಅಟ್ಟ ಹತ್ತಿದಳು.

“ಕಲ್ಲ ಕೊಡ್ರಿ,” ಎಂದು ಕೈ ಚಾಚಿದಳು. ಕಾಕಾ ಉಡಿ ತುಂಬ ಕಲ್ಲು ಆರಿಸಿಕೊಂಡು ನಿಂತಿದ್ದ.