ಗೇರ್‌ಬಾಕ್ಸ್ ಬಿಸಿಯಾಗುವ ತನಕ

ಹೊರಮಾವಿನ ಗಂಗಲಕ್ಷ್ಮಮ್ಮ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಕಾರು ಕಲಿಯುತ್ತೇನೆಂದು ಹೊರಟಾಗ ಮನೆಯಲ್ಲಿ ಯಾರೂ ನಗಲಿಲ್ಲ. ನಕ್ಕರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮೈದುನ ಮುನಿರಾಜಪ್ಪ ಮಾತ್ರ ಧೈರ್ಯ ಮಾಡಿ, "ಅತ್ಗೆ, ಎಲ್ಲಿಗ್ ಬೇಕಾದ್ರೂ ನಾನೇ ಕರ್ಕೊಂಡ್ ಹೋಗ್ತೀನಲ್ಲ" ಅಂದ.

"ನೀನು ಕರ್ಕೊಂಡ್ ಹೋಗೋದು ನಿನಗೆ ಕೆಲ್ಸ ಇರೋ ಕಡೆಗೆ ಕಣಪ್ಪಾ. ದಾರೀಲಿ ನನ್ನ ಇಳಿಸ್ತೀಯ, ಅಷ್ಟೇ."

ಮುನಿರಾಜಪ್ಪ ಮತ್ತೆ ಆ ಮಾತೆತ್ತಲಿಲ್ಲ.

ಹಿಂದಿನ ವರ್ಷ ಆಕೆಯ ಎಡಮಂಡಿಗೆ ಆಪರೇಷನ್ ಆಗಿತ್ತು. ಕ್ಲಚ್ ತುಳಿಯುವ ಗಾಡಿ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಆಟೋಮ್ಯಾಟಿಕ್ ಗಾಡಿಯೇ ಆಗಬೇಕಿತ್ತು. ಹೊಸದನ್ನೇ ಕೊಳ್ಳುವಷ್ಟು ಅನುಕೂಲ ಆಕೆಗಿತ್ತು. ಆದರೆ "ಕಲಿಯೋ ತನಕ ನಾಲ್ಕು ಗೋಡೆಗೆ ಗುದ್ದೇ ಗುದ್ದುತ್ತೀನಿ, ಹೊಸ ಗಾಡಿ ಏನ್ ಪಾಪ ಮಾಡಿದೆ" ಎಂಬುದು ಆಕೆಯ ವಾದ.

ಹೀಗಾಗಿ ಹಳೆಯ ಗಾಡಿ ಹುಡುಕುವ ಕೆಲಸ ಅಂಬಣ್ಣನಿಗೆ ಬಿತ್ತು. ರಾಮಮೂರ್ತಿ ನಗರದಲ್ಲಿ ಗಂಗಲಕ್ಷ್ಮಮ್ಮನ ಬಾಡಿಗೆ ಕೋಣೆಗಳ ಸಾಲಿನಲ್ಲಿ ಕೊನೆಯದು ಅವನದು. ಸುರಪುರದ ಕಡೆಯವನು, ಬೆಂಗಳೂರಿಗೆ ಬಂದು ಹನ್ನೊಂದು ವರ್ಷ, ಕರೆದವರ ಮನೆಗೆ ಹೋಗಿ ಕಾರು ಓಡಿಸುವ ಡ್ರೈವರು. ಅದರಲ್ಲಿ ನಾಲ್ಕು ವರ್ಷ ಒಬ್ಬ ವಕೀಲರ ಆಟೋಮ್ಯಾಟಿಕ್ ಗಾಡಿಯನ್ನು ಓಡಿಸಿ, ಅದರ ಗೇರ್‌ಬಾಕ್ಸು ಕಣ್ಣೆದುರೇ ಸಾಯುವುದನ್ನು ನೋಡಿದ್ದ.

"ಅಕ್ಕಾರ, ಒಂದ್ ಮಾತು ನೆನಪಿಡ್ರಿ," ಅಂದಿದ್ದ ಅವನು. "ಭಾಳ ಓಡಿದ ಆಟೋಮ್ಯಾಟಿಕ್ ಗಾಡಿ ತಣ್ಣಗಿದ್ದಾಗ ಮದ್ಲಿಂಗನ ಗತೆ ಕುಂತಿರ್ತದ. ಅದರ ಖರೇ ಬಣ್ಣ ಗೊತ್ತಾಗೋದು ಗೇರ್‌ಬಾಕ್ಸ್ ಬಿಸಿ ಆದ್ಮ್ಯಾಲೆ. ಟ್ರಾಫಿಕ್ಕಿನಾಗ ಒಂದ್ ತಾಸರ ಓಡ್ಸಬೇಕು."

"ಒಂದ್ ತಾಸು ಯಾರಪ್ಪಾ ಓಡಿಸೋಕ್ ಬಿಡ್ತಾರೆ?"

"ಬಿಡಂಗಿಲ್ರಿ. ಅದಕ್ಕ ಎಲ್ಲಾರೂ ಮೋಸ ಹೋಗ್ತಾರ."

"ಆಯ್ತು, ನೋಡೋಣ" ಅಂದಳು ಗಂಗಲಕ್ಷ್ಮಮ್ಮ.

ಹಲಸೂರು ಕೆರೆಯ ಹತ್ತಿರ ವಸಂತ್ ಎಂಬವನ ಹಳೇ ಕಾರುಗಳ ಯಾರ್ಡಿತ್ತು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಎರಡು ಫೋನು, ಬಾಯಿತುಂಬ ಮೇಡಂ. ಬೆಳಿಗ್ಗೆ ಹತ್ತರೊಳಗೇ ಬನ್ನಿ, ಆಮೇಲೆ ಬೇರೆ ಪಾರ್ಟಿ ಬರ್ತಾರೆ ಎಂದು ಒತ್ತಾಯ ಮಾಡಿ ಕರೆಸಿದ್ದ. ಏಪ್ರಿಲ್ ತಿಂಗಳ ಶನಿವಾರ. ಬಿಳೀ ಕಾರೊಂದು ತೊಳೆಸಿಕೊಂಡು ಮರದ ನೆರಳಿನಲ್ಲಿ ನಿಂತಿತ್ತು.

"ಒಂದು ಲಕ್ಷ ಮೂವತ್ತೆಂಟು ಸಾವಿರ ಓಡಿದೆ ಮೇಡಂ, ಸುಳ್ಳ್ ಹೇಳಲ್ಲ. ಆದ್ರೆ ಎಲ್ಲಾ ಹೈವೇ ಕಿಲೋಮೀಟರ್. ಡಾಕ್ಟರ್ ಗಾಡಿ. ಗೇರ್‌ಬಾಕ್ಸ್ ಅಂತೂ ಬೆಣ್ಣೆ."

"ಇದ್ರಲ್ಲಿ ಗೇರೇ ಹಾಕಂಗಿಲ್ಲ ಅಂತಾರೆ. ಮತ್ತೆ ಗೇರ್ ಪೆಟ್ಗೆ ಯಾತಕ್ಕಪ್ಪಾ ಮಡಗವ್ರೆ?" ಎಂದು ಗಂಗಲಕ್ಷ್ಮಮ್ಮ ಕಣ್ಣರಳಿಸಿ ಕೇಳಿದಳು.

ವಸಂತನಿಗೆ ಎದೆ ಹಗುರಾಯಿತು. ಇಂಥ ಗಿರಾಕಿ ದಿನಾ ಬರುವುದಿಲ್ಲ. ಅವನು ಉತ್ಸಾಹದಿಂದ ವಿವರಿಸುತ್ತಿರುವಾಗ ಅಂಬಣ್ಣ ಬಾನೆಟ್ ಎತ್ತಿ, ಗೇರ್ ಆಯಿಲ್ ನೋಡುವ ಕಡ್ಡಿಯನ್ನು ಎಳೆದ. ಆಯಿಲು ದಾಳಿಂಬೆ ರಸದಂತೆ ಕೆಂಪಗೆ ಹೊಳೆಯುತ್ತಿತ್ತು. ಅವನು ಕಡ್ಡಿಯನ್ನು ಒರೆಸಿ ಮತ್ತೆ ಸಿಕ್ಕಿಸಿ, ಗಂಗಲಕ್ಷ್ಮಮ್ಮನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ:

"ಆಯಿಲ್ ನಿನ್ನೆ ಮೊನ್ನೆ ಹಾಕ್ಯಾರ್ರಿ. ಮಾರೋ ಗಾಡಿಗಿ ಹೊಸ ಆಯಿಲ್ ಹಾಕೋ ಧರ್ಮಾತ್ಮರು ಭಾಳ ಕಡಿಮಿ. ಏನೋ ಮುಚ್ಚ್ಯಾರ."

ಗಂಗಲಕ್ಷ್ಮಮ್ಮ ತಲೆಯಾಡಿಸಿ ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಳು. ಅಂಬಣ್ಣ ಸ್ಟಿಯರಿಂಗ್ ಹಿಡಿದ. ವಸಂತ್ ಹಿಂದೆ ಕೂತು, "ಕೆರೆ ಸುತ್ತ ಒಂದ್ ರೌಂಡ್ ಸಾಕು ಬ್ರದರ್" ಅಂದ.

ಆ ಒಂದು ಸುತ್ತಿನಲ್ಲಿ ಕಾರು ನಿಜಕ್ಕೂ ಬೆಣ್ಣೆಯಂತೆ ಓಡಿತು. ಯಾರ್ಡಿನ ಗೇಟು ಕಂಡಾಗ ಅಂಬಣ್ಣ ಇಂಡಿಕೇಟರ್ ಹಾಕಿದ.

"ಅಯ್ಯೋ, ಸೋಮೇಶ್ವರನಿಗೆ ತೋರಿಸ್ದೆ ಗಾಡಿ ಹೆಂಗಪ್ಪಾ ಒಪ್ಕಳ್ಳಾದು?" ಅಂದಳು ಗಂಗಲಕ್ಷ್ಮಮ್ಮ. "ಇಲ್ಲೇ ಹಲಸೂರಲ್ಲೇ ದೇವಸ್ಥಾನ ಅಲ್ವಾ. ನಾನು ಇಳಿಯಲ್ಲ. ಗಾಡಿಯಿಂದ್ಲೇ ಕೈಮುಗೀತೀನಿ. ನಡಿ ಅಂಬಣ್ಣ."

ದೇವರ ವಿಷಯಕ್ಕೆ ಬೇಡವೆನ್ನುವುದು ವ್ಯಾಪಾರಕ್ಕೆ ಒಳ್ಳೆಯದಲ್ಲವೆಂದು ವಸಂತ್ ಒಪ್ಪಿದ. ದೇವಸ್ಥಾನದ ಬೀದಿಯಲ್ಲಿ ಗಂಗಲಕ್ಷ್ಮಮ್ಮ ಐದು ನಿಮಿಷ ಕಣ್ಣುಮುಚ್ಚಿ ಕೂತಳು. ಇಂಜಿನ್ ಗುರುಗುಡುತ್ತಲೇ ಇತ್ತು. ಕಣ್ಣು ತೆರೆದವಳೇ, "ಅಂದಂಗೆ, ನಾಳೆ ಮನೇಲಿ ಪೂಜೆ. ಕನಕಾಂಬರ ಶಿವಾಜಿನಗರದಲ್ಲಿ ಸಿಕ್ಕಂಗೆ ಎಲ್ಲೂ ಸಿಗಲ್ಲ" ಅಂದಳು.

"ಮೇಡಂ, ಟೆಸ್ಟ್ ಡ್ರೈವ್ ಅಂದ್ರೆ ಎರಡ್ ಕಿಲೋಮೀಟರ್ ಅಷ್ಟೇ..."

"ಎರಡು ಕಿಲೋಮೀಟರಿಗೆ ಆಟೋ ಸಿಗ್ತದಪ್ಪಾ. ಗಾಡಿ ಬೇಕಿರೋದು ಅದಕ್ಕಿಂತ ಮುಂದಕ್ಕೆ. ಪೆಟ್ರೋಲ್ ನಾನ್ ಹಾಕಿಸ್ತೀನಿ."

ಶಿವಾಜಿನಗರದ ಮಾರುಕಟ್ಟೆಯ ರಸ್ತೆಯಲ್ಲಿ ಕಾರು ಒಂದು ಗೇಣು ಮುಂದಕ್ಕೆ ಹೋಗುವುದು, ನಿಲ್ಲುವುದು, ಮತ್ತೊಂದು ಗೇಣು ಹೋಗುವುದು. ಗೇರ್‌ಬಾಕ್ಸಿಗೆ ಇದಕ್ಕಿಂತ ಕಠಿಣ ಶಿಕ್ಷೆಯಿಲ್ಲ. ಗಂಗಲಕ್ಷ್ಮಮ್ಮ ಕಿಟಕಿ ಇಳಿಸಿ ಹೂವಿನವನ ಜೊತೆ ಚೌಕಾಸಿಗಿಳಿದಳು. ಅವನು ಬುಟ್ಟಿ ಹಿಡಿದು ಕಾರಿನ ಜೊತೆಗೇ ಹೆಜ್ಜೆ ಹಾಕುತ್ತ, "ಲೇವೋ ಅಮ್ಮಾ, ಆಖ್ರಿ ದಾಮ್ ಬೋಲ್ದಿಯಾ" ಎಂದು ಆ ಕೊನೆಯ ಬೆಲೆಯನ್ನೇ ಆರು ಸಲ ಹೇಳಿದ. ಏಳನೆಯ ಸಲಕ್ಕೆ ಆಕೆ ಎರಡು ಮೊಳ ಕೊಂಡಳು. ಹಿಂದೆ ವಸಂತ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. ಅವನ ಕಣ್ಣು ಪದೇಪದೇ ಅಂಬಣ್ಣನ ಭುಜದ ಮೇಲಿಂದ ಮೀಟರುಗಳ ಕಡೆಗೆ ಹೋಗುತ್ತಿತ್ತು.

"ಈಗ ವಾಪಸ್ ಅಲ್ವಾ ಮೇಡಂ?"

"ವಾಪಸ್ಸೇ. ಸಿ.ವಿ. ರಾಮನ್ ನಗರದಲ್ಲಿ ನಮ್ಮಕ್ಕನ್ಗೆ ಒಂದ್ ಕಿತ ತೋರಿಸ್ಬುಟ್ಟು."

ಇಂದಿರಾನಗರದ ನೂರಡಿ ರಸ್ತೆಯಲ್ಲಿ ಸಿಗ್ನಲ್ ಬಿಟ್ಟಾಗ ಕಾರಿನ ಬೆನ್ನಿಗೆ ಯಾರೋ ಗುದ್ದಿದಂತೆ ಒಂದು ಜರ್ಕ್ ಹೊಡೆಯಿತು. ಅಂಬಣ್ಣ ಕನ್ನಡಿಯಲ್ಲಿ ವಸಂತನನ್ನು ನೋಡಿದ.

"ರೋಡ್ ಹಂಗಿದೆ ಬ್ರದರ್," ಅಂದ ವಸಂತ್. ಆ ಜಾಗದಲ್ಲಿ ರಸ್ತೆಗೆ ಹೊಸ ಡಾಂಬರು ಹಾಕಿ ಒಂದು ವಾರವಾಗಿತ್ತಷ್ಟೆ.

ಅಕ್ಕ ಸುಭದ್ರಮ್ಮನ ಮನೆಯ ಮುಂದೆ ಕಡಿದಾದ ಇಳಿಜಾರು. ಕಾರನ್ನು ಮೂತಿ ಕೆಳಗೆ ಮಾಡಿ ಇಳಿಸಲಾಯಿತು. ಸುಭದ್ರಮ್ಮ ಚೊಂಬಿನ ತುಂಬ ಮಜ್ಜಿಗೆ ತಂದು ಕಿಟಕಿಯಲ್ಲೇ ಕೊಟ್ಟಳು. ವಸಂತ್ ಗಾಡಿ ಆಫ್ ಮಾಡಿ ಎಂದು ಎರಡು ಸಲ ಬೇಡಿಕೊಂಡ. "ಸೆಕೆ ಕಣಪ್ಪಾ, ಏಸಿ ಇರ್ಲಿ" ಎಂದಳು ಗಂಗಲಕ್ಷ್ಮಮ್ಮ. ಹೊರಡುವಾಗ ಅಂಬಣ್ಣ ರಿವರ್ಸಿಗೆ ಹಾಕಿದ. ಕಾರು ಕದಲಲಿಲ್ಲ. ಅವನು ಗಟ್ಟಿಯಾಗಿ ಎಣಿಸತೊಡಗಿದ. "ಒಂದು... ಎರಡು... ಮೂರು... ನಾಕು..." ಐದಕ್ಕೆ ಢಕ್ಕೆಂದು ಸದ್ದಾಗಿ ಕಾರು ಹಿಂದಕ್ಕೆ ನೆಗೆಯಿತು. ಕಿಟಕಿಯಲ್ಲಿದ್ದ ಸುಭದ್ರಮ್ಮನ ಚೊಂಬು ವಸಂತನ ಮೇಲೆ ಚೆಲ್ಲಿ ನೆಲಕ್ಕುರುಳಿತು.

"ಸೆನ್ಸರ್ ಮೇಡಂ," ಅಂದ ವಸಂತ್, ಅಂಗಿಯ ಮೇಲಿನ ಮಜ್ಜಿಗೆ ಒರೆಸಿಕೊಳ್ಳುತ್ತ. "ಬರೀ ಸೆನ್ಸರ್. ಸಣ್ಣ ಕೆಲ್ಸ."

"ಹಂಗಾ? ಹಂಗಾದ್ರೆ ಕೆ.ಆರ್. ಪುರದ ತೂಗುಸೇತುವೆ ಹತ್ತಿಸಿ ನೋಡೇಬಿಡೋಣ."

"ಬೇಡ ಮೇಡಂ!" ಆ ಮಾತು ಅವನ ಬಾಯಿಂದ ಬೇಗ ಬಂದುಬಿಟ್ಟಿತು. "ಟಿನ್ ಫ್ಯಾಕ್ಟರಿ ಹತ್ರ ಟ್ರಾಫಿಕ್ ಜಾಸ್ತಿ ಇರುತ್ತೆ, ಅದಕ್ಕೆ."

"ದಿನಾ ನಾನ್ ಓಡಾಡೋದೇ ಅಲ್ಲಿ," ಅಂದಳು ಆಕೆ.

ಟಿನ್ ಫ್ಯಾಕ್ಟರಿಯ ಜಂಗುಳಿಯಲ್ಲಿ ಅರ್ಧ ಗಂಟೆ ತೆವಳಿ, ಬಿಸಿಲು ನೆತ್ತಿಗೆ ಬಂದ ಹೊತ್ತಿಗೆ ಕಾರು ಸೇತುವೆಯ ಏರು ಹತ್ತಿತು. ಅರ್ಧ ಹತ್ತಿದ್ದೇ ಇಂಜಿನ್ ಒಮ್ಮೆಲೇ ಕಿರುಚತೊಡಗಿತು. ಇಂಜಿನ್ನಿನ ಸುತ್ತು ತೋರಿಸುವ ಮುಳ್ಳು ನಾಲ್ಕು ಸಾವಿರ ದಾಟಿತು. ಚಕ್ರಗಳಿಗೆ ಮಾತ್ರ ಆ ಕಿರುಚಾಟದ ಸುದ್ದಿಯೇ ಮುಟ್ಟಲಿಲ್ಲ. ಕಾರು ನಿಧಾನವಾಗುತ್ತ ನಿಧಾನವಾಗುತ್ತ ನಿಂತೇ ಹೋಯಿತು. ಡ್ಯಾಶ್‌ಬೋರ್ಡಿನ ಮೇಲೊಂದು ಹಳದಿ ದೀಪ ಮಿಟುಕಿತು. ಅಂಬಣ್ಣ ಮುಂದಕ್ಕೆ ಹೋಗುವ ಡಿ ಹಾಕಿದ, ಹಿಂದಕ್ಕೆ ಹೋಗುವ ಆರ್ ಹಾಕಿದ, ಮತ್ತೆ ಡಿ ಹಾಕಿದ. ಯಾವುದಕ್ಕೂ ಓಗೊಡಲಿಲ್ಲ. ಎಲ್ಲಿಂದಲೋ ಸುಟ್ಟ ಎಣ್ಣೆಯ ವಾಸನೆ ಬಂತು.

"ಸೆನ್ಸರ್ ಏನ್ರಿ?" ಎಂದು ಕೇಳಿದ ಅಂಬಣ್ಣ.

ಹಿಂದೆ ನಿಂತ ಬಸ್ಸು ಹಾರ್ನ್ ಒತ್ತಿದ್ದು ಬಿಡಲೇ ಇಲ್ಲ. ಟ್ರಾಫಿಕ್ ಪೊಲೀಸಿನವನೊಬ್ಬ ಓಡಿ ಬಂದ. "ಯಾರ್ರೀ ಗಾಡಿ ಇದು?"

"ಇವರದು ಸಾರ್," ಎಂದು ಗಂಗಲಕ್ಷ್ಮಮ್ಮ ಹಿಂದಿನ ಸೀಟು ತೋರಿಸಿದಳು. "ನಾವು ನೋಡೋಕ್ ಬಂದಿರೋರು."

ವಸಂತ್ ಇಳಿದು ತಳ್ಳಿದ. ಪೊಲೀಸಿನವನೂ ಒಂದು ಕೈ ಕೊಟ್ಟ. ಏರಿನ ಮೇಲೆ ಕಾರನ್ನು ಎಡಬದಿಗೆ ಸೇರಿಸುವಷ್ಟರಲ್ಲಿ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಹೋಗಿತ್ತು. ಅದನ್ನು ನೋಡಿ ಗಂಗಲಕ್ಷ್ಮಮ್ಮನಿಗೆ ಸ್ವಲ್ಪ ಕನಿಕರವಾಯಿತು. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕೊಟ್ಟಳು.

"ಬೆಳಿಗ್ಗೇನೇ ಹೇಳಿದ್ರೆ ಈ ಪಾಡು ಇರ್ತಿತ್ತೇನಪ್ಪಾ?"

ಅವನು ನೀರು ಕುಡಿದು ತಲೆ ತಗ್ಗಿಸಿದ. "ನಂಗೂ ಹಿಂಗೇ ತಗಲಾಕ್ಬಿಟ್ರು ಮೇಡಂ. ಬೆಳಿಗ್ಗೆ ನೋಡಿ ತಗೊಂಡೆ, ಮಧ್ಯಾಹ್ನ ನಿಂತೋಯ್ತು."

"ಅದಕ್ಕೆ ನಂಗೂ ಬೆಳಿಗ್ಗೆನೇ ಬಾ ಅಂದೆ."

 ವಸಂತ್ ಗಾಡಿ ಎಳೆಯುವ ಲಾರಿಗೆ ಫೋನು ಮಾಡಿದ. ಅದು ಬರಲು ಎರಡು ಗಂಟೆ ಹಿಡಿಯುತ್ತದೆಂದರು. ಗಿರಾಕಿಯನ್ನು ಬಿಸಿಲಲ್ಲಿ ನಿಲ್ಲಿಸುವುದು ಬೇಡವೆಂದು ರಾಮಮೂರ್ತಿ ನಗರದಲ್ಲಿದ್ದ ಹೆಂಡತಿಗೆ ಫೋನು ಮಾಡಿ, ಇವರನ್ನು ಮನೆಗೆ ಬಿಡಲು ಹೇಳಿದ. ಆ ದಿನ ಅವನು ಮಾಡಿದ ಒಳ್ಳೆಯ ಕೆಲಸ ಇದೊಂದೇ. ಅದೇ ಅವನಿಗೆ ದುಬಾರಿಯಾಯಿತು.

ಹೆಂಡತಿಯ ಹೆಸರು ಹಂಸ. ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮಾಸಿದ ನೀಲಿ ಬಣ್ಣದ ಪುಟ್ಟ ಕಾರಿನಲ್ಲಿ ಬಂದಳು. ಗಂಡನನ್ನೂ ಬಿಳೀ ಕಾರನ್ನೂ ಒಮ್ಮೆ ನೋಡಿ, "ಇದನ್ನೇ ತೋರಿಸಿದ್ರಾ?" ಎಂದಷ್ಟೇ ಕೇಳಿ, ಇವರಿಬ್ಬರನ್ನು ಹತ್ತಿಸಿಕೊಂಡು ಹೊರಟಳು. ವಸಂತ್ ತನ್ನ ಗಾಡಿ ಕಾಯುತ್ತ ಸೇತುವೆಯ ಮೇಲೇ ಉಳಿದ.

ನೀಲಿ ಕಾರು ಉಳಿದ ಏರನ್ನು ಉಸಿರೆತ್ತದೆ ಹತ್ತಿತು. ಹಿಂದೆ ಕೂತ ಅಂಬಣ್ಣ ಮುಂದಕ್ಕೆ ಬಾಗಿ ಹಂಸಳ ಕಾಲಿನ ಕಡೆ ನೋಡಿದ. ಎಡಗಾಲು ಸುಮ್ಮನಿತ್ತು.

"ಮೇಡಂನೋರೆ, ಇದು ಆಟೋಮ್ಯಾಟಿಕ್ಕೇನ್ರಿ?"

"ಹೌದು. ಲಕ್ಷದ ಅರವತ್ತೆರಡು ಸಾವಿರ ಓಡಿದೆ."

"ಲಕ್ಷದ ಅರವತ್ತೆರಡು! ಗೇರ್‌ಬಾಕ್ಸ್ ಬಿಚ್ಚ್ಸೀರೇನ್ರಿ?"

"ಒಂದ್ಸಲನೂ ಇಲ್ಲ. ನಲವತ್ತು ಸಾವಿರಕ್ಕೊಂದ್ಸಲ ಆಯಿಲ್ ಬದಲಾಯಿಸ್ತೀನಿ. ಗಾಡಿ ಪೂರ್ತಿ ನಿಲ್ಲದೆ ರಿವರ್ಸಿಗೆ ಹಾಕಲ್ಲ. ಮತ್ತೆ ಅವರಿಗೆ ಮಾತ್ರ ಕೀ ಕೊಡಲ್ಲ."

"ಯಾರಿಗಮ್ಮ?" ಎಂದಳು ಗಂಗಲಕ್ಷ್ಮಮ್ಮ.

"ನಮ್ಮ ಯಜಮಾನ್ರಿಗೆ."

ಹೊರಮಾವಿನ ರೈಲ್ವೆ ಗೇಟು ಹಾಕಿತ್ತು. ಒಂದು ರೈಲು ಹೋದ ಮೇಲೂ ತೆಗೆಯಲಿಲ್ಲ. ಆ ಇಪ್ಪತ್ತು ನಿಮಿಷದಲ್ಲಿ ಗಂಗಲಕ್ಷ್ಮಮ್ಮನಿಗೆ ಬೇಕಾದದ್ದೆಲ್ಲ ತಿಳಿಯಿತು. ಕಾರು ಹಂಸಳ ಹೆಸರಿನಲ್ಲಿದೆ. ಇದನ್ನು ಮಾರಿ ಸ್ವಲ್ಪ ದೊಡ್ಡದು ಕೊಳ್ಳಬೇಕೆಂದು ಅವಳಿಗೆ ಎರಡು ವರ್ಷದಿಂದ ಆಸೆ. ಇಷ್ಟು ಓಡಿದ ಗಾಡಿಯನ್ನು ಯಾವ ಹುಚ್ಚರು ಕೊಳ್ಳುತ್ತಾರೆಂದು ಗಂಡ ತಳ್ಳಿಹಾಕುತ್ತಿದ್ದಾನೆ.

"ನಂಗೆ ಹುಚ್ಚಿದೆ ಅಂತ ನಮ್ ಮೈದ್ನನೂ ಹೇಳ್ತಾನೆ," ಅಂದಳು ಗಂಗಲಕ್ಷ್ಮಮ್ಮ. "ಇದನ್ನ ನಂಗೆ ಕೊಡ್ತೀಯಾ?"

ಅಷ್ಟರಲ್ಲಿ ವಸಂತನ ಫೋನು ಬಂತು. ಹಂಸ ಸ್ಪೀಕರಿಗೆ ಹಾಕಿ ವಿಷಯ ಹೇಳಿದಳು. ಸೇತುವೆಯ ಗದ್ದಲದ ನಡುವಿನಿಂದ ಅವನ ದನಿ ಚೀರಿತು. "ಬೇಡ ಮೇಡಂ! ಒಂದೂವರೆ ಲಕ್ಷದ ಮೇಲೆ ಓಡಿರೋ ಆಟೋಮ್ಯಾಟಿಕ್ಕು! ಗೇರ್‌ಬಾಕ್ಸ್ ಯಾವತ್ ಕೈ ಕೊಡುತ್ತೆ ಅಂತ ದೇವ್ರಿಗೂ ಗೊತ್ತಾಗಲ್ಲ! ತಗೊಳ್ಳೋ ಮುಂಚೆ ಲಿಫ್ಟ್ ಮೇಲೆ ಹಾಕಿ ನೋಡ್ಬೇಕು, ಸ್ಕ್ಯಾನ್ ಮಾಡಿಸ್ಬೇಕು, ಹಳೇ ಬಿಲ್ ಎಲ್ಲಾ ಕೇಳ್ಬೇಕು!"

"ಒಳ್ಳೇ ಮಾತ್ ಹೇಳ್ದೆ ಕಣಪ್ಪಾ," ಅಂದಳು ಗಂಗಲಕ್ಷ್ಮಮ್ಮ. "ಎಲ್ಲಾ ಮಾಡಿಸ್ತೀನಿ."

ಹಾಗೆಯೇ ಮಾಡಿಸಿದಳು. ರಾಮಮೂರ್ತಿ ನಗರದ ಮೆಕ್ಯಾನಿಕ್ ಮುನಿಕೃಷ್ಣಪ್ಪ ಕಾರನ್ನು ಲಿಫ್ಟಿಗೇರಿಸಿ, ಕಂಪ್ಯೂಟರಿಗೆ ಸಿಕ್ಕಿಸಿ, ಆಯಿಲನ್ನು ಬೆರಳಲ್ಲಿ ಉಜ್ಜಿ ಮೂಸಿದ. ಬಣ್ಣ ಟೀಯಂತಿದ್ದರೂ ಸುಟ್ಟ ವಾಸನೆಯಿರಲಿಲ್ಲ. ಇಂಜಿನ್ ಕೂರುವ ಒಂದು ರಬ್ಬರು ಸೀಳಿತ್ತು, ಹಂಸ ಅದನ್ನು ತಾನೇ ಹಾಕಿಸಿಕೊಟ್ಟಳು. ಬಿಲ್ಲುಗಳ ಫೈಲನ್ನು ತಾರೀಖಿನ ಪ್ರಕಾರ ಜೋಡಿಸಿ ತಂದಿದ್ದಳು. ಅಂಬಣ್ಣ ಬಿಸಿಲಲ್ಲಿ ಎರಡು ತಾಸು ಓಡಿಸಿ ಬಂದು, "ತಗೋರಿ ಅಕ್ಕಾರ, ನನಗ ರೊಕ್ಕಿದ್ರ ನಾನೇ ಒಯ್ತಿದ್ದೆ" ಅಂದ.

ತಿಂಗಳಾದ ಮೇಲೆ ಹೆಸರು ಬದಲಾಯಿಸಿದ ಕಾಗದ ಕೊಡಲು ವಸಂತನೇ ಹೊರಮಾವಿಗೆ ಬಂದ, ಆಟೋದಲ್ಲಿ.

"ಆ ಬಿಳೀದು ಏನಾಯ್ತಪ್ಪಾ?"

"ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿ ಮಾಡಿಸಿದೆ ಮೇಡಂ. ಬಿಲ್ ತೋರಿಸಿ ಮಾರ್ದೆ."

"ನಿಜ ಹೇಳಿ ಮಾರಿದ್ಯಾ?"

"ಶನಿವಾರ ಮಧ್ಯಾಹ್ನ ಹಂಸ ಯಾರ್ಡಿಗೆ ಬಂದು ಕೂರ್ತಾಳೆ ಮೇಡಂ ಈಗ. ಗಿರಾಕಿ ಕೇಳೋಕ್ ಮುಂಚೆನೇ ಎಲ್ಲಾ ಹೇಳ್ಬಿಡ್ತಾಳೆ. ನಾನು ಬಾಯಿ ಬಿಡೋಕೇ ಸಂದಿ ಇಲ್ಲ." ಒಂದು ಕ್ಷಣ ತಡೆದು, ತನಗೇ ಅರ್ಥವಾಗದವನಂತೆ ಹೇಳಿದ: "ವ್ಯಾಪಾರ ಏನ್ ಕಮ್ಮಿ ಆಗಿಲ್ಲ, ಅದೇ ಆಶ್ಚರ್ಯ."

ಗಂಗಲಕ್ಷ್ಮಮ್ಮ ನಕ್ಕು ಸೆರಗಿಗೆ ಪಿನ್ನು ಸಿಕ್ಕಿಸಿಕೊಂಡು ಎದ್ದಳು. "ಮೇನ್ ರೋಡ್ ತನಕ ನಾನೇ ಬಿಡ್ತೀನಿ ಬಾ. ಎಲ್ ಬೋರ್ಡ್ ಹಾಕಿಸಿದೀನಿ."

ವಸಂತ್ ಅಂಬಣ್ಣನ ಮುಖ ನೋಡಿದ. ಅಂಬಣ್ಣ ಆಕಾಶ ನೋಡುತ್ತ ಪಕ್ಕದ ಸೀಟಿನಲ್ಲಿ ಕೂತು ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟ. ವಸಂತ್ ಹಿಂದೆ ಕೂತು, ಬೆಲ್ಟು ಹಾಕಿಕೊಂಡು, ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಗಂಗಲಕ್ಷ್ಮಮ್ಮ ಬ್ರೇಕು ತುಳಿದು ಡಿ ಹಾಕಿ, ಕನ್ನಡಿಯನ್ನು ತನ್ನ ಮುಖಕ್ಕೆ ತಿರುಗಿಸಿ ಕುಂಕುಮ ಸರಿಯಿದೆಯೇ ಎಂದು ನೋಡಿಕೊಂಡು ಕಾರು ಬಿಟ್ಟಳು.